ಎಲ್ಲರೂ ಒಟ್ಟಿಗೆ ಹಸಿದಿದ್ದಾಗ

ಪಾಸ್ಕ (ಈಸ್ಟರ್) ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರಕ್ಕೆ ಇನ್ನೂ ವಾರವಿರುವಾಗಲೇ ನಮ್ಮ ಧರ್ಮಕೇಂದ್ರದ, ಅಂದರೆ ಚರ್ಚಿನ, ಅಂಗಳದಲ್ಲಿ ಒಂದು ಪ್ರಶ್ನೆ ಓಡಾಡಲು ಶುರುವಾಗುತ್ತದೆ: “ಈ ಸಲ ತಪಸ್ಸುಕಾಲಕ್ಕೆ ಏನು ಬಿಡ್ತಿದ್ದೀರಿ?” ಭಾನುವಾರದ ಪೂಜೆ ಮುಗಿಸಿ ಹೊರಗೆ ನಿಂತ ಯುವಕ ಯುವತಿಯರು ಇದನ್ನು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ, ಧರ್ಮೋಪದೇಶದ ತರಗತಿಯಲ್ಲಿ ಟೀಚರು ಮಕ್ಕಳನ್ನು ಕೇಳುತ್ತಾರೆ, ಆಫೀಸಿನಲ್ಲಿ ನಾನು ಕ್ರೈಸ್ತನೆಂದು ತಿಳಿದ ಗೆಳೆಯರೂ ಈಚಿನ ವರ್ಷಗಳಲ್ಲಿ ಕೇಳುವುದುಂಟು. ಒಬ್ಬರು ಸಕ್ಕರೆ ಬಿಡುತ್ತಾರೆ, ಇನ್ನೊಬ್ಬರು ಕಾಫಿ ಬಿಡುತ್ತಾರೆ, ಮತ್ತೊಬ್ಬರು ನಲವತ್ತೂ ದಿನ ಮಾಂಸ ಮುಟ್ಟುವುದಿಲ್ಲ, ಕಾಲೇಜಿನ ಹುಡುಗರು ರಾತ್ರಿ ಹೊತ್ತು ಮೊಬೈಲು ನೋಡುವುದನ್ನು ಬಿಡುತ್ತಾರೆ. ಇವರ ಶ್ರದ್ಧೆಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ದಿನಕ್ಕೆ ಹತ್ತು ಸಲ ಕೈ ಹೋಗುವ ವಸ್ತುವಿನ ಕಡೆಗೆ ಕೈ ಚಾಚದೆ ಇರುವುದು ಸಣ್ಣ ಸಾಧನೆಯಲ್ಲ, ಹಾಗೆ ಇದ್ದು ನೋಡಿದವರಿಗೆ ಅದು ಗೊತ್ತಿರುತ್ತದೆ. ಆದರೂ ಆ ಪ್ರಶ್ನೆ ಪ್ರತಿ ವರ್ಷವೂ ನನ್ನಲ್ಲಿ ಒಂದು ತಳಮಳವನ್ನು ಉಳಿಸಿ ಹೋಗುತ್ತದೆ, ಮತ್ತು ಆ ತಳಮಳ ಎಲ್ಲಿಂದ ಬರುತ್ತಿದೆ ಎಂದು ಬಹಳ ದಿನಗಳಿಂದ ಯೋಚಿಸುತ್ತಿದ್ದೇನೆ.

ಕನಕಪುರದ ಸೀಮೆಯ ನಮ್ಮ ಹಳ್ಳಿಯಲ್ಲಿ ನನ್ನ ಅಜ್ಜಿಯನ್ನು ಯಾರೂ ಹೀಗೆ ಕೇಳಿದ್ದಿಲ್ಲ. ಕೇಳಿದ್ದರೆ ಅವರಿಗೆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲವೇನೋ. ಏಕೆಂದರೆ ತಪಸ್ಸುಕಾಲದಲ್ಲಿ ಏನನ್ನು ಬಿಡಬೇಕು ಎಂಬುದು ಅಲ್ಲಿ ಯಾರೊಬ್ಬರೂ ಕುಳಿತು ತೀರ್ಮಾನಿಸುವ ವಿಷಯವಾಗಿರಲಿಲ್ಲ. ಅದು ಊರಿಗೆ ಬರುತ್ತಿತ್ತು, ಬೇಸಿಗೆ ಬಂದಂತೆ ಎಲ್ಲರ ಮನೆಗೂ ಬರುತ್ತಿತ್ತು. ಮದುವೆಗಳು ನಿಲ್ಲುತ್ತಿದ್ದವು, ಬಲಿಪೀಠದ ಮೇಲಿನ ಹೂವು ಹೋಗುತ್ತಿತ್ತು, ಅಲ್ಲೆಲೂಯ ಹಾಡುವುದು ನಿಲ್ಲುತ್ತಿತ್ತು, ಸ್ವಾಮಿಗಳ ಪೂಜಾವಸ್ತ್ರ ನೇರಳೆಗೆ ತಿರುಗುತ್ತಿತ್ತು. ಮನೆಗಳಲ್ಲಿ ಸಾರಿನ ವಾಸನೆ ಬದಲಾಗುತ್ತಿತ್ತು. ವಿಭೂತಿ ಬುಧವಾರದ ಹಿಂದಿನ ದಿನ ಗುಡ್ಡೆ ಬಾಡು ಹಾಕಿ ಪಾಲು ಹಂಚಿಕೊಂಡರೆ, ಮತ್ತೆ ಊರಿನಲ್ಲಿ ಗುಡ್ಡೆ ಹಾಕುತ್ತಿದ್ದುದು ಪಾಸ್ಕ ಹಬ್ಬಕ್ಕೇ. ನಡುವಿನ ದಿನಗಳೆಲ್ಲ ಹುರುಳಿಕಾಳು, ಬಸ್ಸಾರು, ಉಪ್ಪುಸಾರು.

ಈ ತಳಮಳಕ್ಕೆ ಒಂದು ರೂಪ ಸಿಕ್ಕಿದ್ದು ವಿಭೂತಿ ಬುಧವಾರದ ವಾಚನಗಳನ್ನು ಗಮನವಿಟ್ಟು ಕೇಳಿದ ಮೇಲೆ. ಅಂದು ಮೊದಲು ಓದುವುದು ಪ್ರವಾದಿ ಯೋವೇಲನ ಗ್ರಂಥದ ಎರಡನೆಯ ಅಧ್ಯಾಯದಿಂದ. ಸಿಯೋನಿನಲ್ಲಿ ತುತ್ತೂರಿ ಊದಿ, ಉಪವಾಸವನ್ನು ಸಾರಿ, ಜನರನ್ನೆಲ್ಲ ಒಟ್ಟುಗೂಡಿಸಿ ಎಂದು ಪ್ರವಾದಿ ಕೂಗುತ್ತಾನೆ; ಮುದುಕರು ಬರಲಿ, ಮಕ್ಕಳು ಬರಲಿ, ಮೊಲೆಯುಣ್ಣುವ ಕೂಸುಗಳೂ ಬರಲಿ, ಮದುವಣಿಗನು ತನ್ನ ಕೋಣೆಯನ್ನೂ ಮದುವಣಗಿತ್ತಿಯು ತನ್ನ ಮಂಟಪವನ್ನೂ ಬಿಟ್ಟು ಹೊರಬರಲಿ ಎನ್ನುತ್ತಾನೆ. ಅದಾಗಿ ಸ್ವಲ್ಪ ಹೊತ್ತಿಗೆ ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯ ಬರುತ್ತದೆ. ಅಲ್ಲಿ ಯೇಸುಸ್ವಾಮಿ ಹೇಳುವುದು, ದಾನ ಮಾಡುವಾಗ ನಿನ್ನ ಮುಂದೆ ತುತ್ತೂರಿ ಊದಿಸಬೇಡ. ಪ್ರಾರ್ಥಿಸುವಾಗ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೋ. ಉಪವಾಸವಿರುವಾಗ ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೋ. ಒಂದು ವಾಚನ ತುತ್ತೂರಿ ಊದು ಎನ್ನುತ್ತದೆ, ಇನ್ನೊಂದು ಊದಬೇಡ ಎನ್ನುತ್ತದೆ. ಒಂದು ಕೋಣೆಯಿಂದ ಹೊರಗೆ ಕರೆಯುತ್ತದೆ, ಇನ್ನೊಂದು ಕೋಣೆಯೊಳಕ್ಕೆ ಕಳುಹಿಸುತ್ತದೆ. ಇವೆರಡನ್ನೂ ಕೇಳಿದ ಮೇಲೆ ನಾವು ಸಾಲಾಗಿ ಮುಂದೆ ಹೋಗಿ, ಎಲ್ಲರಿಗೂ ಕಾಣುವಂತೆ ಹಣೆಗೆ ಬೂದಿ ಹಚ್ಚಿಸಿಕೊಂಡು, ಹಾಗೆಯೇ ಬಸ್ಸು ಮೆಟ್ರೋ ಹತ್ತಿ ಕೆಲಸಕ್ಕೆ ಹೋಗುತ್ತೇವೆ. ಸಾವಿರಾರು ವರ್ಷ ಅನುಭವವಿರುವ ಧರ್ಮಸಭೆ ಈ ಎರಡು ಮಾತುಗಳನ್ನು ಒಂದೇ ದಿನ, ಒಂದೇ ಪೂಜೆಯಲ್ಲಿ, ಅಕ್ಕಪಕ್ಕ ಇಟ್ಟಿರುವುದು ಅಜಾಗರೂಕತೆಯಿಂದ ಆಗಿರಲಾರದು.

ಗರಿಯಿಂದ ಬೂದಿ

ನಮ್ಮ ಊರಿನಲ್ಲಿ ಬೂದಿ ಮಾಡುತ್ತಿದ್ದುದನ್ನು ನೋಡಿದ ನೆನಪು ನನಗೆ ಚೆನ್ನಾಗಿದೆ. ಹಿಂದಿನ ವರ್ಷ ಪಾಸ್ಕಕ್ಕೆ ಮುಂಚಿನ ಗರಿಗಳ ಭಾನುವಾರದಂದು ಆಶೀರ್ವದಿಸಿ ಕೊಟ್ಟ ಗರಿಗಳನ್ನು ಸುಟ್ಟೇ ಈ ಬೂದಿಯನ್ನು ಮಾಡಬೇಕೆಂಬುದು ಎಲ್ಲ ಕಡೆಯ ರೂಢಿ. ನಮ್ಮಲ್ಲಿ ಆ ಗರಿಗಳು ವರ್ಷವಿಡೀ ಮನೆಯ ಶಿಲುಬೆಯ ಹಿಂದೆಯೋ ಯೇಸುವಿನ ತಿರುಹೃದಯದ ಪಟದ ಹಿಂದೆಯೋ ಸಿಕ್ಕಿಸಿಟ್ಟಿರುತ್ತಿದ್ದವು. ಒಲೆಯ ಹೊಗೆ ಹಿಡಿದು ಅವು ಕಂದು ಬಣ್ಣಕ್ಕೆ ತಿರುಗುತ್ತಿದ್ದವು. ಕೆಲವರು ಎಳೆಯ ಗರಿಯನ್ನು ಹೆಣೆದು ಸಣ್ಣ ಶಿಲುಬೆ ಮಾಡಿಟ್ಟಿರುತ್ತಿದ್ದರು. ಬುಧವಾರಕ್ಕೆ ಎರಡು ಮೂರು ದಿನ ಇರುವಾಗ ಧರ್ಮೋಪದೇಶ ಕಲಿಸುವ ಉಪದೇಶಿಗಳು ನಮ್ಮಂಥ ಹುಡುಗರನ್ನು ಕರೆದುಕೊಂಡು ಮನೆಮನೆಗೂ ಹೋಗಿ ಆ ಒಣಗಿದ ಗರಿಗಳನ್ನು ಕೂಡಿಸುತ್ತಿದ್ದರು. ಮೇಲಿನ ಬೀದಿ, ಕೆಳಗಿನ ಬೀದಿ, ತೋಟದ ಮನೆಗಳು, ಎಲ್ಲ ಕಡೆಯಿಂದಲೂ ಬಂದ ಗರಿಗಳು ಒಂದೇ ಗೋಣಿಚೀಲಕ್ಕೆ ಬೀಳುತ್ತಿದ್ದವು. ಕೊಡುವಾಗ ಹೆಂಗಸರು ಅದನ್ನು ಕಣ್ಣಿಗೊತ್ತಿಕೊಂಡು ಕೊಡುತ್ತಿದ್ದರು; ವರ್ಷದಲ್ಲಿ ಮನೆಯಲ್ಲಿ ಸಾವಾಗಿದ್ದರೆ ಆ ಮನೆಯ ಗರಿಯನ್ನು ತೆಗೆದುಕೊಳ್ಳುವಾಗ ಉಪದೇಶಿಗಳು ಬಾಗಿಲಲ್ಲೇ ನಿಂತು ಒಂದು ಪರಲೋಕಮಂತ್ರ ಹೇಳಿಸುತ್ತಿದ್ದರು.

ಗುಡಿಯ ಹಿಂದೆ ದೊಡ್ಡ ಕಬ್ಬಿಣದ ಬಾಣಲೆಯಲ್ಲಿ ಅವನ್ನೆಲ್ಲ ಹಾಕಿ ಸುಡುತ್ತಿದ್ದರು. ಒಣಗಿದ ಗರಿ ಭಗ್ಗೆಂದು ಹತ್ತಿಕೊಂಡು ಕ್ಷಣದಲ್ಲಿ ಕರಿಯಾಗಿ ಮುದುರಿಕೊಳ್ಳುತ್ತದೆ, ಗೋಣಿಚೀಲದಷ್ಟು ಗರಿಗೆ ಸಿಗುವುದು ಒಂದೆರಡು ಹಿಡಿಯಷ್ಟು ಬೂದಿ. ಆರಿದ ಮೇಲೆ ಅದನ್ನು ಕೈಯಲ್ಲಿ ನುರಿದು, ತೆಳ್ಳನೆಯ ಬಟ್ಟೆಯಲ್ಲಿ ಜಾಲಿಸಿ, ಹಿತ್ತಾಳೆಯ ಬಟ್ಟಲಿಗೆ ತುಂಬುತ್ತಿದ್ದರು. ಆ ಬಟ್ಟಲಿನಲ್ಲಿದ್ದುದು ಯಾರ ಮನೆಯ ಗರಿಯ ಬೂದಿ ಎಂದು ಹೇಳಲು ಯಾರಿಂದಲೂ ಸಾಧ್ಯವಿರಲಿಲ್ಲ. ಬುಧವಾರ ಬೆಳಿಗ್ಗೆ ಸ್ವಾಮಿಗಳು ಮಣ್ಣಿನಿಂದ ಬಂದ ನೀನು ಮಣ್ಣಿಗೇ ಮರಳುವೆ ಎಂದು ನೆನಪಿಸುತ್ತ ಹಣೆಗೆ ಹಚ್ಚುತ್ತಿದ್ದಾಗ, ನನ್ನ ಹಣೆಗೆ ಬಂದದ್ದು ಹೊಲದಾಚೆಯ ಒಂಟಿ ಮನೆಯ ಮುದುಕಿಯ ಗರಿಯಿರಬಹುದು, ಅವಳ ಹಣೆಗೆ ಹೋದದ್ದು ನಮ್ಮ ಮನೆಯದಿರಬಹುದು.

ಎರಡು ತುತ್ತೂರಿಗಳ ಪ್ರಶ್ನೆಗೆ ಉತ್ತರವನ್ನು ನಾನು ಇಲ್ಲಿ ಹುಡುಕುತ್ತೇನೆ. ಊರೆಲ್ಲ ಬೂದಿ ಹಚ್ಚಿಕೊಂಡ ದಿನ ಯಾರ ಹಣೆಯ ಬೂದಿಯೂ ಯಾರ ಕಣ್ಣಿಗೂ ವಿಶೇಷವಾಗಿ ಕಾಣುವುದಿಲ್ಲ. ಊರೆಲ್ಲ ಒಪ್ಪೊತ್ತು ಇದ್ದಾಗ ಯಾರ ಹಸಿವೂ ಸುದ್ದಿಯಾಗುವುದಿಲ್ಲ. ಮತ್ತಾಯನ ಶುಭಸಂದೇಶ ಕೇಳುವ ಗುಟ್ಟನ್ನು ಕಾಪಾಡಲು ಯೋವೇಲನ ತುತ್ತೂರಿಗಿಂತ ಒಳ್ಳೆಯ ಉಪಾಯ ಇನ್ನೊಂದಿಲ್ಲ. ಎಲ್ಲರನ್ನೂ ಕರೆದುಬಿಟ್ಟರೆ ಒಬ್ಬೊಬ್ಬನೂ ಆ ಗುಂಪಿನಲ್ಲಿ ಅಡಗಿಕೊಳ್ಳಬಹುದು. ಅಜ್ಜಿ ವಾರಗಟ್ಟಲೆ ಒಂದೇ ಹೊತ್ತು ಉಣ್ಣುತ್ತಿದ್ದರೆಂಬುದು ನನಗೆ ತಿಳಿದದ್ದೇ ದೊಡ್ಡವನಾದ ಮೇಲೆ. ಆಗ ಅದು ಕಾಣುತ್ತಲೇ ಇರಲಿಲ್ಲ, ಏಕೆಂದರೆ ಅವರ ವಾರಿಗೆಯ ಹೆಂಗಸರೆಲ್ಲ ಹಾಗೆಯೇ ಇದ್ದರು. ಇಂದು ನಾನು ಆಫೀಸಿನ ಊಟದ ಮೇಜಿನಲ್ಲಿ ಡಬ್ಬಿ ತೆರೆಯದೆ ಕುಳಿತರೆ ಏನಾಯಿತು ಎಂದು ನಾಲ್ಕು ಜನ ಕೇಳುತ್ತಾರೆ, ನಾನು ವಿವರಿಸಬೇಕಾಗುತ್ತದೆ, ವಿವರಿಸಿದ ಕ್ಷಣಕ್ಕೆ ಆ ಉಪವಾಸ ನನ್ನ ಗುಣದ ಕಥೆಯಾಗಿ ಬದಲಾಗುತ್ತದೆ. ಅದನ್ನು ತಡೆಯುವುದು ಹೇಗೆಂದು ನನಗೆ ಈವರೆಗೂ ತಿಳಿದಿಲ್ಲ. ಮೇಜಿನಲ್ಲಿ ಇನ್ನೊಬ್ಬರು ನನ್ನ ಜೊತೆ ಹಸಿದಿದ್ದರೆ ವಿವರಿಸುವ ಅಗತ್ಯವೇ ಬೀಳುತ್ತಿರಲಿಲ್ಲ ಎಂಬುದಷ್ಟೇ ಗೊತ್ತು.

ಆರಿಸಿಕೊಳ್ಳದ ಹೊರೆ

ಅಜ್ಜಿಯ ಕಾಲದ ಕಟ್ಟಳೆಗೂ ನಮ್ಮ ಕಾಲದ ಕಟ್ಟಳೆಗೂ ನಡುವೆ ದೊಡ್ಡ ಅಂತರವಿದೆ. 1917ರ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ ಭಾನುವಾರಗಳನ್ನು ಬಿಟ್ಟು ತಪಸ್ಸುಕಾಲದ ಎಲ್ಲ ದಿನಗಳೂ ಉಪವಾಸದ ದಿನಗಳೇ ಆಗಿದ್ದವು. ವಿಭೂತಿ ಬುಧವಾರದಿಂದ ಪವಿತ್ರ ಶನಿವಾರದವರೆಗೆ ಎಣಿಸಿದರೆ 46 ದಿನ. ಅದರಲ್ಲಿ ಆರು ಭಾನುವಾರ ಕಳೆದರೆ 40. 1966ರಲ್ಲಿ ಆರನೆಯ ಪೌಲ್ ಜಗದ್ಗುರುಗಳು (ಪೋಪ್) ಈ ನಿಯಮಗಳನ್ನು ಸಡಿಲಿಸಿದರು. 1983ರ ಸಂಹಿತೆಯಲ್ಲಿ ಕಡ್ಡಾಯವಾಗಿ ಉಳಿದ ಉಪವಾಸಗಳು ಎರಡೇ, ವಿಭೂತಿ ಬುಧವಾರದ್ದು ಮತ್ತು ಶುಭ ಶುಕ್ರವಾರದ್ದು. ಅದೂ 18 ತುಂಬಿದವರಿಂದ ಹಿಡಿದು 60ನೆಯ ವರ್ಷಕ್ಕೆ ಕಾಲಿಡುವವರೆಗಿನವರಿಗೆ ಮಾತ್ರ. ಅಜ್ಜಿಗೆ ಈ ಸಡಿಲಿಕೆಯ ಸುದ್ದಿ ತಿಳಿದಿರಲಿಲ್ಲವೆಂದಲ್ಲ. ಸ್ವಾಮಿಗಳು ಪ್ರಸಂಗದಲ್ಲಿ ಹೇಳಿದ್ದನ್ನು ಅವರು ಕೇಳಿದ್ದರು. ಆದರೆ ಎಪ್ಪತ್ತು ದಾಟಿದ ಮೇಲೂ ಹಳೆಯ ಲೆಕ್ಕದಲ್ಲೇ ನಡೆದರು.

ಸಡಿಲಿಸಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಆ ಬದಲಾವಣೆಯ ಹಿಂದಿದ್ದ ಕಾಳಜಿಯನ್ನು ಓದಿದಾಗ ನನಗೆ ಗೌರವವೇ ಮೂಡುತ್ತದೆ. ಹೊಟ್ಟೆ ತುಂಬ ಉಣ್ಣುವ ದೇಶಗಳ ಜನ ತಾವು ಬಿಟ್ಟದ್ದನ್ನು ಬಡವರಿಗೆ ತಲುಪಿಸಲಿ, ಬಡತನವೇ ನಿತ್ಯದ ಬದುಕಾಗಿರುವ ಕಡೆಯ ಜನ ತಮ್ಮ ಬವಣೆಯನ್ನೇ ದೇವರಿಗೆ ಅರ್ಪಿಸಲಿ ಎಂಬುದು ಅದರ ಆಶಯವಾಗಿತ್ತು. ಕೂಲಿ ಸಿಕ್ಕಿದ ದಿನ ಉಂಡು ಸಿಗದ ದಿನ ನೀರು ಕುಡಿದು ಮಲಗುವವನಿಗೆ ಒಪ್ಪೊತ್ತಿನ ಕಟ್ಟಳೆ ಹೇಳುವುದರಲ್ಲಿ ಅರ್ಥವಿಲ್ಲ. ಆದರೆ ಆ ಸಡಿಲಿಕೆಯ ಜೊತೆಗೆ ಇನ್ನೊಂದು ಮಾತೂ ಇತ್ತು, ಅದು ನಮ್ಮ ಕಿವಿಗೆ ಸರಿಯಾಗಿ ಬೀಳಲಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರಿನಲ್ಲಿ ಹೊರಡಿಸಿದ ಉಪಾಸನೆಯ ಸಂವಿಧಾನದಲ್ಲಿ, ತಪಸ್ಸುಕಾಲದ ಪ್ರಾಯಶ್ಚಿತ್ತವು ಅಂತರಂಗದ್ದು ಹಾಗೂ ವೈಯಕ್ತಿಕವಾದದ್ದು ಮಾತ್ರ ಆಗಿರದೆ, ಹೊರಗೂ ತೋರುವ ಮತ್ತು ಸಮುದಾಯಕ್ಕೆ ಸೇರಿದ ಪ್ರಾಯಶ್ಚಿತ್ತವೂ ಆಗಿರಬೇಕೆಂದು ಸ್ಪಷ್ಟವಾಗಿ ಹೇಳಿದೆ. ಕಡ್ಡಾಯ ಕಡಿಮೆಯಾದಾಗ ಆ ಜಾಗವನ್ನು ಸಮುದಾಯ ತುಂಬಬೇಕಿತ್ತು. ನಮ್ಮ ನಗರಗಳಲ್ಲಿ ಅದನ್ನು ವ್ಯಕ್ತಿಯ ಆಯ್ಕೆ ತುಂಬಿತು.

ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. ನಮ್ಮ ಪಕ್ಕದ ಮನೆಯಲ್ಲಿ ಇಟ್ಟಿಗೆ ಗೂಡಿಗೆ ಕೆಲಸಕ್ಕೆ ಹೋಗುತ್ತಿದ್ದ ಒಬ್ಬಾಕೆ ಇದ್ದಳು. ಒಂದು ತಪಸ್ಸುಕಾಲದಲ್ಲಿ ಅವಳು ತುಂಬು ಬಸುರಿ. ಶುಕ್ರವಾರದ ಶಿಲುಬೆ ಹಾದಿ (ಯೇಸು ಶಿಲುಬೆ ಹೊತ್ತು ನಡೆದ ದಾರಿಯನ್ನು ಧ್ಯಾನಿಸುವ ಪ್ರಾರ್ಥನೆ) ಮುಗಿಸಿ ನಮ್ಮ ಜಗಲಿಯ ಮೇಲೆ ಕುಳಿತವಳು, ಈ ಸಲ ಒಂದು ದಿನವೂ ಒಪ್ಪೊತ್ತು ಇರಲಾಗಲಿಲ್ಲ, ಬೆಳಿಗ್ಗೆ ಏಳುತ್ತಲೇ ಹೊಟ್ಟೆ ಸುಡುತ್ತದೆ ಎಂದು ಕಣ್ಣೀರು ಹಾಕಿದಳು. ಬಸುರಿಗೆ, ಬಾಣಂತಿಗೆ, ಕಾಯಿಲೆಯವರಿಗೆ, ಮೈಮುರಿದು ದುಡಿಯುವವರಿಗೆ ಕಟ್ಟಳೆ ಇಲ್ಲವೆಂದು ಅಜ್ಜಿಗೆ ತಿಳಿದಿತ್ತು. ಆದರೆ ಅವರು ಆ ಮಾತನ್ನು ಎತ್ತಲಿಲ್ಲ. ಒಳಗಿನಿಂದ ಒಂದು ಮುದ್ದೆ, ಬಸ್ಸಾರು ತಂದು ಅವಳ ಮುಂದಿಟ್ಟು, “ಉಣ್ಣವ್ವ ನೀನು. ಹೊಟ್ಟೇಲಿ ಕೂಸಿಕ್ಕೊಂಡು ಹಸ್ಕೊಂಡಿರ್ಬಾರ್ದು. ನಿನ್ ಪಾಲಿಂದು ನಾನಿರ್ತೀನಿ,” ಅಂದರು. ಅವಳು ಉಂಡಳು. ಅಜ್ಜಿ ಆ ರಾತ್ರಿ ಏನೂ ಮುಟ್ಟಲಿಲ್ಲ. ಆಗ ಅದರಲ್ಲಿ ನನಗೆ ಯಾವ ಬೆರಗೂ ಕಾಣಲಿಲ್ಲ, ಅಲ್ಲಿದ್ದ ಬೇರೆ ಯಾರಿಗೂ ಕಂಡಂತಿರಲಿಲ್ಲ. ಹೊಲದ ಕೆಲಸಕ್ಕೆ ಮುಯ್ಯಾಳು ಹೋಗುವ ಜನರಿಗೆ ಉಪವಾಸದಲ್ಲೂ ಒಬ್ಬರ ಬದಲಿಗೆ ಇನ್ನೊಬ್ಬರು ನಿಲ್ಲಬಹುದು ಎಂಬುದು ಸಹಜವಾಗಿಯೇ ತೋರಿರಬೇಕು.

ದೇವಶಾಸ್ತ್ರ ಬಲ್ಲವರು ಅಜ್ಜಿಯ ಮಾತನ್ನು ಹೇಗೆ ತೂಗುತ್ತಾರೋ ಕಾಣೆ. ಆದರೆ ಅಂದಿನಿಂದ ಶಿಲುಬೆ ಹಾದಿಯ ಹದಿನಾಲ್ಕು ಸ್ಥಳಗಳಲ್ಲಿ ಐದನೆಯದಕ್ಕೆ ಬಂದಾಗಲೆಲ್ಲ ನನಗೆ ಆ ಜಗಲಿ ನೆನಪಾಗುತ್ತದೆ. ಸಿರೇನ್ಯದ ಸಿಮೋನ ಹೊರಗಿನಿಂದ ಪಟ್ಟಣಕ್ಕೆ ಬರುತ್ತಿದ್ದವನು. ಆ ದಿನ ಯೇಸುವಿನ ಶಿಲುಬೆ ಹೊರಬೇಕೆಂದು ಅವನು ಸಂಕಲ್ಪ ಮಾಡಿರಲಿಲ್ಲ, ಯಾವ ಹೊರೆ ತನಗೆ ಒಗ್ಗುತ್ತದೆ ಎಂದು ಲೆಕ್ಕ ಹಾಕಿರಲಿಲ್ಲ. ಸೈನಿಕರು ಹಿಡಿದು ಹೊರಿಸಿದರು, ಅವನು ಹೊತ್ತ. ಏನು ಬಿಡುತ್ತೀರಿ ಎಂಬ ಪ್ರಶ್ನೆಯಲ್ಲಿ ನನಗೆ ಕಡಿಮೆ ಬಿದ್ದಂತೆ ತೋರುವುದು ಇದೇ. ಆ ಪ್ರಶ್ನೆ ನನ್ನ ಆಯ್ಕೆಯಿಂದ ಶುರುವಾಗಿ ನನ್ನ ಆಯ್ಕೆಯಲ್ಲೇ ಮುಗಿಯುತ್ತದೆ. ನಾನು ಸಕ್ಕರೆ ಬಿಟ್ಟರೆ ಪಕ್ಕದವನ ಹೊರೆ ಹಗುರಾಗುತ್ತದೆಯೇ ಎಂದು ಅದು ಕೇಳುವುದಿಲ್ಲ. ವಿಭೂತಿ ಬುಧವಾರ ಕಳೆದ ಎರಡನೆಯ ದಿನವೇ, ಶುಕ್ರವಾರದ ಪೂಜೆಯಲ್ಲಿ ಪ್ರವಾದಿ ಯೆಶಾಯನ 58ನೆಯ ಅಧ್ಯಾಯ ಓದುತ್ತಾರೆ. ಕಟ್ಟಿದ ನೊಗವನ್ನು ಬಿಚ್ಚುವುದು, ಹಸಿದವನ ಜೊತೆ ರೊಟ್ಟಿ ಹಂಚಿಕೊಳ್ಳುವುದು, ನೆಲೆಯಿಲ್ಲದವನನ್ನು ಮನೆಗೆ ಕರೆದುಕೊಳ್ಳುವುದು, ಇದೇ ತನಗೆ ಬೇಕಾದ ಉಪವಾಸ ಎಂದು ದೇವರು ಅಲ್ಲಿ ಹೇಳುತ್ತಾರೆ. ಪಟ್ಟಿಯಲ್ಲಿರುವ ಯಾವುದನ್ನೂ ಒಬ್ಬನೇ ಮಾಡಲಾಗುವುದಿಲ್ಲ. ಪ್ರತಿಯೊಂದಕ್ಕೂ ಇನ್ನೊಬ್ಬ ಮನುಷ್ಯ ಬೇಕು.

ಊರಿನ ಕಣ್ಣು

ಹೀಗೆ ಬರೆಯುತ್ತ ಹೋದರೆ ಹಳ್ಳಿಯ ತಪಸ್ಸುಕಾಲವೆಲ್ಲ ಒಳಿತೇ ಆಗಿತ್ತೆಂದು ತೋರೀತು. ಹಾಗಿರಲಿಲ್ಲ. ಒಟ್ಟಿಗೆ ಇರುವ ಜನ ಒಬ್ಬರನ್ನೊಬ್ಬರು ನೋಡುತ್ತಲೂ ಇರುತ್ತಾರೆ. ಯಾರ ಮನೆಯ ಒಲೆಯಿಂದ ಎಂಥ ವಾಸನೆ ಬಂತು, ಯಾರು ಪಾಸ್ಕಕ್ಕೆ ಮುಂಚೆ ಪಾಪನಿವೇದನೆಗೆ ಬರಲಿಲ್ಲ, ಯಾರು ಶುಕ್ರವಾರದ ಶಿಲುಬೆ ಹಾದಿಗೆ ತಪ್ಪಿಸಿಕೊಂಡರು ಎಂಬುದೆಲ್ಲ ಬಾವಿಕಟ್ಟೆಯಲ್ಲಿ ಲೆಕ್ಕಕ್ಕೆ ಸಿಗುತ್ತಿತ್ತು. ಬೆಂಗಳೂರಿನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ ಹುಡುಗನೊಬ್ಬ ರಜೆಗೆ ಬಂದಾಗ ಶುಕ್ರವಾರ ಬಾಡು ತಿಂದನೆಂಬ ಮಾತು ಹಬ್ಬಿ, ಅವನ ತಾಯಿ ವರ್ಷವೆಲ್ಲ ತಲೆ ತಗ್ಗಿಸಿ ಓಡಾಡಿದ್ದನ್ನು ಕಂಡಿದ್ದೇನೆ. ಗುಂಪಿನಲ್ಲಿ ಅಡಗಿಕೊಳ್ಳಲು ಸಾಧ್ಯವಿದ್ದುದು ಗುಂಪಿನ ಜೊತೆ ನಡೆಯುವವರಿಗೆ ಮಾತ್ರ. ನಡೆಯಲಾಗದವರಿಗೆ ಆ ಗುಂಪೇ ಒಂದು ಗೋಡೆ. ನಗರದಲ್ಲಿ ಒಬ್ಬಂಟಿಯಾಗಿ ಸಕ್ಕರೆ ಬಿಡುವ ಹುಡುಗಿಗೆ ಇರುವ ಸ್ವಾತಂತ್ರ್ಯ ಆ ತಾಯಿಗೂ ಮಗನಿಗೂ ಇರಲಿಲ್ಲ, ಮತ್ತು ಆ ಸ್ವಾತಂತ್ರ್ಯವನ್ನು ನಾನು ಹಗುರವಾಗಿ ಕಾಣಲಾರೆ.

ಇದಕ್ಕಿಂತ ಭಾರವಾದ ವಿಷಯ ಇನ್ನೊಂದಿದೆ. ಮೇಲಿನ ಬೀದಿ, ಕೆಳಗಿನ ಬೀದಿ ಎಂದೆನಲ್ಲ, ಅವು ಬರೀ ದಿಕ್ಕು ಸೂಚಿಸುವ ಹೆಸರುಗಳಾಗಿರಲಿಲ್ಲ ಎಂಬುದು ಓದುಗರಿಗೆ ತಿಳಿದೇ ಇರುತ್ತದೆ. ಜ್ಞಾನಸ್ನಾನದ ನೀರು ಎಲ್ಲರ ತಲೆಯ ಮೇಲೂ ಬಿದ್ದಿತ್ತು, ಜಾತಿ ಮಾತ್ರ ತೊಳೆದು ಹೋಗಿರಲಿಲ್ಲ. ನಲವತ್ತು ದಿನ ಎರಡೂ ಬೀದಿಗಳು ಒಟ್ಟಿಗೆ ಹಸಿದವು. ಎರಡೂ ಬೀದಿಗಳ ಗರಿ ಒಂದೇ ಬಾಣಲೆಯಲ್ಲಿ ಬೂದಿಯಾಯಿತು. ಆದರೆ ಶುಭ ಶುಕ್ರವಾರದ ಆರಾಧನೆ ಮುಗಿದು ಗುಡಿಯ ಅಂಗಳದಲ್ಲಿ ಗಂಜಿ ಬಡಿಸುವಾಗ ಒಂದು ಬೀದಿಯವರು ಹುಣಸೆಮರದ ಈಚೆಗೂ ಇನ್ನೊಂದು ಬೀದಿಯವರು ಆಚೆಗೂ ಕೂರುತ್ತಿದ್ದರು. ಯಾರೂ ಹೇಳಿ ಕೂರಿಸುತ್ತಿರಲಿಲ್ಲ, ಹಾಗೆ ಹೇಳಬೇಕಾದ ಅಗತ್ಯವೇ ಇರಲಿಲ್ಲ. ಒಟ್ಟಿಗೆ ಹಸಿದವರು ಒಟ್ಟಿಗೆ ಉಣ್ಣಲಿಲ್ಲವೆಂದರೆ ಆ ಹಸಿವಿನ ಫಲವೇನು ಎಂಬ ಪ್ರಶ್ನೆಗೆ ಯೆಶಾಯನ ಆ ಅಧ್ಯಾಯದಲ್ಲಿ ಬಹಳ ಕಠಿಣವಾದ ಉತ್ತರವಿದೆ: ಉಪವಾಸದ ದಿನವೂ ನಿಮ್ಮ ಕಾರ್ಯವನ್ನೇ ಸಾಧಿಸಿಕೊಳ್ಳುತ್ತೀರಿ, ನಿಮ್ಮ ಕೆಲಸದಾಳುಗಳನ್ನು ಹಿಂಡುತ್ತೀರಿ, ಇಂಥ ಉಪವಾಸದಿಂದ ನಿಮ್ಮ ದನಿ ಮೇಲಕ್ಕೆ ಮುಟ್ಟುವುದಿಲ್ಲ. ನಮ್ಮ ಊರಿನವರು ಪ್ರತಿ ವರ್ಷ ಆ ವಾಚನವನ್ನು ಕೇಳುತ್ತಿದ್ದರು.

ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ ಪವಿತ್ರ ಗುರುವಾರ ನಡೆಯುವ ಪಾದ ತೊಳೆಯುವ ವಿಧಿಗೂ ಹನ್ನೆರಡು ಗಂಡಸರು ಬಹುಪಾಲು ಮೇಲಿನ ಬೀದಿಯಿಂದಲೇ ಬರುತ್ತಿದ್ದರು. 2016ರ ಜನವರಿಯಲ್ಲಿ ಫ್ರಾನ್ಸಿಸ್ ಜಗದ್ಗುರುಗಳ ಇಚ್ಛೆಯಂತೆ ಹೊರಬಂದ ಆದೇಶವು ಆ ವಿಧಿಗೆ ದೇವಜನರೆಲ್ಲರಿಂದ, ಹೆಂಗಸರಿಂದಲೂ, ಆರಿಸಬಹುದೆಂದು ಹೇಳಿತು. ಆ ಬದಲಾವಣೆ ನಮ್ಮ ಊರನ್ನು ಮುಟ್ಟಿದಾಗ ನಾನು ಪವಿತ್ರ ವಾರಕ್ಕೆ ಊರಿಗೆ ಹೋಗಿದ್ದೆ. ಹೊಸದಾಗಿ ಬಂದಿದ್ದ ಸ್ವಾಮಿಗಳು ಪ್ರತಿ ವಾರ್ಡಿನಿಂದಲೂ ಹೆಸರು ಕೇಳಿ, ಹನ್ನೆರಡು ಜನರಲ್ಲಿ ಹೆಂಗಸರನ್ನೂ ಕೆಳಗಿನ ಬೀದಿಯವರನ್ನೂ ಸೇರಿಸಿದ್ದರು. ಬೆಂಚಿನ ಮೇಲೆ ಕುಳಿತ ಒಬ್ಬ ಅಜ್ಜಿ ಕಾಲು ಚಾಚಲು ಒಪ್ಪಲಿಲ್ಲ. ಸ್ವಾಮಿಗಳು ಮಂಡಿಯೂರಿ ಬೋಗುಣಿ ಹಿಡಿದು ಕಾದರು. “ಬ್ಯಾಡಿ ಸ್ವಾಮಿ, ಒಡಕ್ಲು ಕಾಲು,” ಎಂದು ಆಕೆ ಸೀರೆಯ ನೆರಿಗೆಯೊಳಗೆ ಪಾದ ಮುಚ್ಚಿಕೊಂಡಳು. ನೀವು ನನ್ನ ಪಾದ ತೊಳೆಯಲೇಬಾರದು ಎಂದು ಶುಭಸಂದೇಶದಲ್ಲಿ ಶಿಷ್ಯ ಪೇತ್ರ ಯೇಸುವಿಗೆ ಹೇಳುವ ಮಾತಿಗೂ ಅದಕ್ಕೂ ಬಹಳ ದೂರವಿರಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಮೇಲಿನ ಬೀದಿಯ ಹಿರಿಯರೊಬ್ಬರು ಬಗ್ಗಿ, “ಇಡಮ್ಮ, ಇಡು, ನಮ್ಮದೂ ಒಡಕ್ಲೇ,” ಎಂದು ತಮ್ಮ ಪಾದವನ್ನು ತೋರಿಸಿದರು. ಆ ಮೇಲೆ ಆಕೆ ಕಾಲು ಚಾಚಿದಳು. ಒಂದು ಸಂಜೆಯಿಂದ ಊರಿನ ಜಾತಿ ಹೋಗಲಿಲ್ಲ, ಅಷ್ಟು ಸುಲಭವಾಗಿ ಅದು ಹೋಗುವುದೂ ಇಲ್ಲ. ಆದರೆ ಮರುದಿನ ಗಂಜಿಗೆ ಕುಳಿತಾಗ ಹುಣಸೆಮರದ ಆಚೆ ಈಚೆಯ ಸಾಲುಗಳು ಮೊದಲಿನಷ್ಟು ನೇರವಾಗಿರಲಿಲ್ಲ ಎಂಬುದನ್ನು ನಾನು ಕಣ್ಣಾರೆ ಕಂಡೆ.

ಆದ್ದರಿಂದ ನಾನು ಬಯಸುವುದು ಹಳೆಯ ಊರು ಮರಳಿ ಬರಲೆಂದಲ್ಲ. ಊರಿನ ಕಣ್ಣು ಬೇಡ, ಊರಿನ ಬಾಣಲೆ ಬೇಕು. ಒಟ್ಟಿಗೆ ನಡೆಸುವ ತಪಸ್ಸಿನಲ್ಲಿ ಕಾವಲು ಕಾಯುವ ಗುಣವೂ ಇರುತ್ತದೆ, ಹೊರೆ ಹಂಚಿಕೊಳ್ಳುವ ಗುಣವೂ ಇರುತ್ತದೆ. ಮೊದಲನೆಯದನ್ನು ಕಡಿಮೆ ಮಾಡಿ ಎರಡನೆಯದನ್ನು ಉಳಿಸಿಕೊಳ್ಳಲು ಸಾಧ್ಯವೇ ಎಂಬುದು ನಗರದ ಧರ್ಮಕೇಂದ್ರದಲ್ಲಿ ನಿಂತು ನಾನು ಕೇಳಿಕೊಳ್ಳುವ ಪ್ರಶ್ನೆ.

ಶುಕ್ರವಾರದ ಗಂಜಿ

ಬೆಂಗಳೂರಿನ ನಮ್ಮ ಧರ್ಮಕೇಂದ್ರ ಬೇರೆ ಬಗೆಯದು. ಕನ್ನಡ, ತಮಿಳು, ಇಂಗ್ಲಿಷ್ ಪೂಜೆಗಳು ಬೇರೆ ಬೇರೆ ಹೊತ್ತಿನಲ್ಲಿ ನಡೆಯುತ್ತವೆ, ಶುಕ್ರವಾರದ ಶಿಲುಬೆ ಹಾದಿಯೂ ಹಾಗೆಯೇ ಭಾಷೆಗೊಂದು. ಒಂದೇ ಬೆಂಚಿನಲ್ಲಿ ಒಂದು ಗಂಟೆಯ ಅಂತರದಲ್ಲಿ ಕೂರುವ ಜನರಿಗೆ ಒಬ್ಬರ ಹೆಸರು ಒಬ್ಬರಿಗೆ ಗೊತ್ತಿರುವುದಿಲ್ಲ. ರಾತ್ರಿ ಪಾಳಿಯ ನರ್ಸುಗಳಿದ್ದಾರೆ, ಕಾಲ್ ಸೆಂಟರಿನ ಹುಡುಗರಿದ್ದಾರೆ, ನಾಲ್ಕು ಮನೆಯಲ್ಲಿ ಪಾತ್ರೆ ತೊಳೆದು ಬರುವ ಹೆಂಗಸರಿದ್ದಾರೆ, ದೊಡ್ಡ ಅಪಾರ್ಟ್‌ಮೆಂಟುಗಳ ನಿವಾಸಿಗಳೂ ಇದ್ದಾರೆ. ಇಲ್ಲಿ ಊರಿಗೆ ತಪಸ್ಸುಕಾಲ ಬರುವುದಿಲ್ಲ. ಬಿರಿಯಾನಿ ಅಂಗಡಿ ತೆರೆದೇ ಇರುತ್ತದೆ, ಮದುವೆ ಛತ್ರಗಳಲ್ಲಿ ದೀಪ ಉರಿಯುತ್ತಲೇ ಇರುತ್ತದೆ. ಹಾಗೆ ನೋಡಿದರೆ ಈ ನಗರದಲ್ಲಿ ಉಪವಾಸಕ್ಕೆ ಕೊರತೆಯಿಲ್ಲ. 2025ರಲ್ಲಿ ಫೆಬ್ರವರಿ 26ಕ್ಕೆ ಶಿವರಾತ್ರಿಯಾಯಿತು, ಮಾರ್ಚ್ 2ಕ್ಕೆ ರಂಜಾನಿನ ಮೊದಲ ಉಪವಾಸ, ಮಾರ್ಚ್ 5ಕ್ಕೆ ವಿಭೂತಿ ಬುಧವಾರ. ಆ ವರ್ಷ ಆಫೀಸಿನಲ್ಲಿ ರೋಜಾ ಹಿಡಿದಿದ್ದ ಸಹೋದ್ಯೋಗಿಯೂ ನಾನೂ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಹೊರಗಿನ ಹೊಂಗೆಮರದ ಕೆಳಗೆ ಕೂರುತ್ತಿದ್ದೆವು. ಇಬ್ಬರಿಗೂ ವಿವರಿಸುವ ತೊಂದರೆಯಿರಲಿಲ್ಲ. ಮಸೀದಿಯಲ್ಲಿ ಸಂಜೆಯ ಇಫ್ತಾರಿಗೆ ಯಾರು ಬಂದರೂ ಪಕ್ಕಕ್ಕೆ ಸರಿದು ಜಾಗ ಕೊಡುವ ಅವರ ರೂಢಿಯ ಬಗ್ಗೆ ಅವರು ಹೇಳುತ್ತಿದ್ದರೆ, ನಮ್ಮಲ್ಲಿ ಕಳೆದುಹೋದದ್ದು ಏನೆಂದು ನನಗೆ ಹೊಳೆಯುತ್ತಿತ್ತು: ಉಪವಾಸವನ್ನು ಒಟ್ಟಿಗೆ ಬಿಡುವುದು.

2020ರಲ್ಲಿ ಇದನ್ನು ಇನ್ನೊಂದು ರೀತಿಯಲ್ಲಿ ಅನುಭವಿಸಿದ್ದೆವು. ಮಾರ್ಚ್ 25ರಿಂದ ದೇಶವೆಲ್ಲ ಮುಚ್ಚಿತು, ಪಾಸ್ಕ ಹಬ್ಬ ಏಪ್ರಿಲ್ 12ಕ್ಕಿತ್ತು. ಗರಿಯಿಲ್ಲದ ಗರಿಗಳ ಭಾನುವಾರ ಕಳೆಯಿತು, ಶಿಲುಬೆ ಹಾದಿಯನ್ನು ಮೊಬೈಲಿನ ಪರದೆಯಲ್ಲಿ ನೋಡಿದೆವು. ಕನಕಪುರ ಸೀಮೆಯ ಹಾರೋಬೆಲೆಯ ಕಪಾಲಬೆಟ್ಟಕ್ಕೆ ಶುಭ ಶುಕ್ರವಾರ ಹತ್ತುವ ಜನ ಅಂದು ಮನೆಯಲ್ಲೇ ಉಳಿದರು. ಹೊರಗೆ ಊರು ಬಿಟ್ಟು ನಡೆದು ಹೊರಟ ಕೂಲಿಕಾರರ ಹಸಿವಿನ ಮುಂದೆ ನಾವು ಬಿಟ್ಟ ಕಾಫಿ ಸಕ್ಕರೆಗಳ ಮಾತನ್ನು ಯಾರೂ ಎತ್ತಲಿಲ್ಲ. ಆ ವಾರಗಳಲ್ಲಿ ನಮ್ಮ ಧರ್ಮಕೇಂದ್ರದ ಕೆಲವರು ಪಾಸು ಮಾಡಿಸಿಕೊಂಡು ಅಕ್ಕಿ, ಬೇಳೆ, ಎಣ್ಣೆಯ ಪೊಟ್ಟಣಗಳನ್ನು ಕಟ್ಟಿ ಹಂಚಿದರು. ತಮಿಳು ಪೂಜೆಯವರು, ಕನ್ನಡ ಪೂಜೆಯವರು ಎಂಬ ಭೇದವಿಲ್ಲದೆ ಜನ ಪರಿಚಯವಾದದ್ದು ಆಗಲೇ.

ಶುಕ್ರವಾರದ ಗಂಜಿ ಹುಟ್ಟಿದ್ದು ಆ ಪರಿಚಯದಿಂದ. ಚರ್ಚು ಮತ್ತೆ ತೆರೆದ ಮೇಲೆ, ತಪಸ್ಸುಕಾಲದ ಶುಕ್ರವಾರಗಳಲ್ಲಿ ಎಲ್ಲ ಭಾಷೆಗಳ ಶಿಲುಬೆ ಹಾದಿ ಮುಗಿದ ನಂತರ ಶಾಲೆಯ ಸಭಾಂಗಣದಲ್ಲಿ ಎಲ್ಲರಿಗೂ ಒಂದೇ ಊಟ ಎಂದು ತೀರ್ಮಾನವಾಯಿತು: ಅಕ್ಕಿಗಂಜಿ, ಹುರಿಗಡಲೆ ಚಟ್ನಿ, ಉಪ್ಪಿನಕಾಯಿ. ಮನೆಯ ರಾತ್ರಿ ಅಡುಗೆಗೆ ಆಗುತ್ತಿದ್ದ ಖರ್ಚನ್ನು ಬಾಗಿಲ ಬಳಿಯ ಡಬ್ಬಿಗೆ ಹಾಕಬೇಕು, ಹಾಕಲಾಗದವರು ಹಾಕಬೇಕಿಲ್ಲ, ಯಾರು ಎಷ್ಟು ಹಾಕಿದರೆಂದು ನೋಡುವವರು ಯಾರೂ ಅಲ್ಲಿ ನಿಲ್ಲಬಾರದು. ಗಂಜಿ ಬೇಯಿಸುವ ಸರದಿ ವಾರಕ್ಕೊಂದು ವಾರ್ಡಿನದು. ಮೊದಲ ವಾರ ಬಂದವರು ಕೆಲವರೇ. ಅಪಾರ್ಟ್‌ಮೆಂಟುಗಳ ಕಡೆಯವರು ಹಿಂಜರಿದರು. ಮನೆಗೆಲಸದ ಹೆಂಗಸರು ಇನ್ನೂ ಹೆಚ್ಚು ಹಿಂಜರಿದರು, ಏಕೆಂದರೆ ಅವರಲ್ಲಿ ಕೆಲವರು ದುಡಿಯುತ್ತಿದ್ದುದು ಅಲ್ಲಿ ಕೂರಬೇಕಿದ್ದವರ ಮನೆಗಳಲ್ಲೇ. ಸಾಲಾಗಿ ಚಾಪೆ ಹಾಸುವುದನ್ನು ಬಿಟ್ಟು ಬೆಂಚುಗಳನ್ನು ಅಡ್ಡಾದಿಡ್ಡಿ ಹಾಕಿಸಿದ್ದು ಅಡುಗೆಯ ಮುಂದಾಳತ್ವ ವಹಿಸಿದ್ದ ಸಿಸ್ಟರ್. ಅವರು ಕಾರಣ ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಈಗ ಸಭಾಂಗಣ ತುಂಬುತ್ತದೆ. ಪಾಳಿಗೆ ಹೋಗುವವರು ಬೇಗ ಬಂದು ನಿಂತೇ ಕುಡಿದು ಹೋಗುತ್ತಾರೆ, ಸಕ್ಕರೆ ಕಾಯಿಲೆಯವರಿಗೆ ರಾಗಿ ಅಂಬಲಿ ಬೇರೆ ಇರುತ್ತದೆ. ಏನು ಬಿಟ್ಟಿದ್ದೀರಿ ಎಂಬ ಪ್ರಶ್ನೆ ಅಲ್ಲಿ ಕೇಳಿಬರುವುದು ಕಡಿಮೆ. ಇಂದು ಯಾರು ಬಂದಿಲ್ಲ, ಯಾಕೆ ಬಂದಿಲ್ಲ, ಅವರಿಗೆ ಗಂಜಿ ಕಳುಹಿಸೋಣವೇ ಎಂಬ ಮಾತುಗಳು ಹೆಚ್ಚು. ಇದರಲ್ಲೂ ಊರಿನ ಕಣ್ಣು ನುಸುಳುವ ಅಪಾಯ ಇದ್ದೇ ಇದೆ. ಬರದವರನ್ನು ವಿಚಾರಿಸುವುದಕ್ಕೂ ಬರದವರ ಮೇಲೆ ತಪ್ಪು ಹೊರಿಸುವುದಕ್ಕೂ ಇರುವ ಅಂತರ ತೆಳುವಾದದ್ದು, ಅದನ್ನು ದಾಟದಂತೆ ಎಚ್ಚರವಹಿಸುವುದು ಗಂಜಿ ಬೇಯಿಸುವುದಕ್ಕಿಂತ ಕಷ್ಟದ ಕೆಲಸ.

ಡಬ್ಬಿಯ ಹಣ ವಾರಕ್ಕೆರಡು ಸಲ ಡಯಾಲಿಸಿಸ್ ಮಾಡಿಸಿಕೊಳ್ಳಬೇಕಾದ ನಮ್ಮ ಬೀದಿಗಳ ರೋಗಿಗಳಿಗೆ ಹೋಗುತ್ತದೆ, ಅವರು ಯಾವ ಧರ್ಮದವರಾದರೂ ಸರಿ. ಈ ಹಣದ ಲೆಕ್ಕವನ್ನು ಪ್ರಕಟಿಸಬೇಕೇ ಎಂಬ ಬಗ್ಗೆ ಧರ್ಮಕೇಂದ್ರದ ಸಭೆಯಲ್ಲಿ ಬಿರುಸಾದ ಚರ್ಚೆ ನಡೆಯಿತು. ಸಾರ್ವಜನಿಕರ ಹಣಕ್ಕೆ ಲೆಕ್ಕ ಕೊಡದಿದ್ದರೆ ನಂಬಿಕೆ ಉಳಿಯುವುದಿಲ್ಲ ಎಂದು ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದ ಒಬ್ಬರು ವಾದಿಸಿದರು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ವಿಭೂತಿ ಬುಧವಾರವೇ ಓದಿ, ಪಾಸ್ಕಕ್ಕೆ ಮುಂಚೆಯೇ ಬೋರ್ಡಿನ ಮೇಲೆ ಬರೆಯುವುದು ಹೇಗೆ ಎಂದು ಇನ್ನೊಬ್ಬ ಹಿರಿಯರು ಕೇಳಿದರು. ಕೊನೆಗೆ ಒಟ್ಟು ಬಂದದ್ದೆಷ್ಟು, ಖರ್ಚಾದದ್ದೆಷ್ಟು ಎಂಬುದನ್ನು ಮಾತ್ರ ಸೂಚನಾಫಲಕದಲ್ಲಿ ಹಾಕುವುದು, ಕೊಟ್ಟವರ ಹೆಸರಾಗಲಿ ಪಡೆದವರ ಹೆಸರಾಗಲಿ ಎಲ್ಲಿಯೂ ಬರೆಯದಿರುವುದು ಎಂದು ಒಪ್ಪಿಗೆಯಾಯಿತು. ಆ ಹಿರಿಯರಿಗೆ ಇದು ಇನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ. ಒಟ್ಟು ಮೊತ್ತವೂ ನಮ್ಮ ಧರ್ಮಕೇಂದ್ರದ ತುತ್ತೂರಿಯೇ ತಾನೆ ಎನ್ನುತ್ತಾರೆ, ಮುಂದಿನ ತಪಸ್ಸುಕಾಲಕ್ಕೆ ಮುಂಚೆ ಸಭೆ ಸೇರಿದಾಗ ಮತ್ತೆ ಈ ಮಾತು ಎತ್ತುತ್ತೇನೆಂದು ಈಗಾಗಲೇ ತಿಳಿಸಿದ್ದಾರೆ.